ಕಟ್ ಮಾಡಿದ ಜಾಗದಲ್ಲಿ ಏನಿತ್ತು

ಭಾಗ 1/9

ಎರಡು ತಿಂಗಳ ಹಿಂದೆ ಇಲ್ಲೇ ಹಾಕಿದ್ದ ನನ್ನ ರೋಬೋ ವಿಡಿಯೋ ನೆನಪಿದೆಯಾ? ತಮ್ಮನ ಹಳೇ ಪ್ಲಾಸ್ಟಿಕ್ ಟಿಫನ್ ಡಬ್ಬಿಗೆ ಎರಡು ಚಕ್ರ ಹಾಕಿ ಮಾಡಿದ್ದು. ಕಪ್ಪು ಗೆರೆ ಹಿಡ್ಕೊಂಡು ಹೋಗಿ, ಎದುರಿಗೆ ಇಟ್ಟ ಪುಸ್ತಕ ಕಂಡ ತಕ್ಷಣ ತಾನೇ ನಿಲ್ಲುತ್ತಲ್ಲ, ಅದೇ. ಹೆಸರೂ 'ಡಬ್ಬಿ'. 48 ಸೆಕೆಂಡಿನ ವಿಡಿಯೋ. ನಿಮ್ಮಲ್ಲಿ ಎಷ್ಟೋ ಜನ ಬೆಂಕಿ ಇಮೋಜಿ ಹಾಕಿದ್ರಿ. ಕ್ಲಾಸ್ ಗ್ರೂಪಲ್ಲಿ "ನಮ್ಮ ಬಿಕಾಂನಲ್ಲೂ ಒಬ್ಬಳು ಇಂಜಿನಿಯರ್ ಇದಾಳೆ ಕಣ್ರೋ" ಅಂತ ಮೆಸೇಜ್ ಬಂತು. ನಾನೂ ಉಬ್ಬಿ ಹೋಗಿದ್ದೆ.

ಆ ವಿಡಿಯೋ ಸುಳ್ಳು.

ಡಬ್ಬಿ ನಿಜ. ಕೋಡ್ ನಾನೂ ನನ್ನ ತಮ್ಮನೂ ಸೇರಿ ಬರೆದದ್ದು, ಅದೂ ನಿಜ. ವಿಡಿಯೋದ ಒಂದೊಂದು ತುಂಡೂ ನಮ್ಮನೆ ಹಾಲ್‌ನಲ್ಲೇ ಶೂಟ್ ಮಾಡಿದ್ದು. ಆದ್ರೆ ನೀವು ನೋಡಿದ ಆ 48 ಸೆಕೆಂಡಿನ ಓಟ ಇದೆಯಲ್ಲ, ಅಂಥದ್ದೊಂದು ಓಟ ಯಾವತ್ತೂ ನಡೆದೇ ಇಲ್ಲ. ನಾಲ್ಕು ಬೇರೆ ಬೇರೆ ಓಟಗಳ ಐದು ತುಂಡು ಸೇರಿಸಿ, ಮೇಲೊಂದು ಹಾಡು ಹಾಕಿ ಹೊಲಿದಿದ್ದೆ.

ಇದನ್ನ ಹೇಳಿ ಸಾರಿ ಕೇಳಿ ಹೋಗೋಣ ಅಂತ ಬಂದಿಲ್ಲ. ಜಗಳಕ್ಕೆ ಬಂದಿದೀನಿ. ನನ್ನ ಜೊತೆ, ನಿಮ್ಮ ಜೊತೆ, ವಿಡಿಯೋ ರೌಂಡ್ ಇಡೋರ ಜೊತೆ. ನನ್ನ ವಾದ ಇಷ್ಟೇ: ಸ್ಪರ್ಧೆಗೆ ಕಳಿಸೋ ರೋಬೋ ವಿಡಿಯೋ ಶುರುವಿಂದ ಕೊನೇವರೆಗೆ ಒಂದೇ ಟೇಕ್‌ನಲ್ಲಿ ಇರಬೇಕು. ಎಷ್ಟು ಸಲ ಓಡಿಸಿದ್ರಿ, ಎಷ್ಟು ಸಲ ನಿಂತೋಯ್ತು ಅನ್ನೋದು ಅದರ ಮೇಲೇ ಬರೆದಿರಬೇಕು.

ಒಂದು ಕ್ಯಾಪ್ಶನ್‌ಗೆ 2,200 ಅಕ್ಷರ ಮಾತ್ರ ಹಿಡಿಯೋದು. ಅದಕ್ಕೇ ಒಂಬತ್ತು ಭಾಗ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಭಾಗ 2/9

ಮೊದಲು ಶೂಟಿಂಗ್ ಕಥೆ.

ಸ್ಪರ್ಧೆ ಬೆಂಗಳೂರಿನ ಒಂದು ಕಾಲೇಜಿನದ್ದು. ಯಾವ ಕೋರ್ಸ್‌ನವರು ಬೇಕಾದ್ರೂ ಸೇರಬಹುದು, ರೋಬೋ ಮನೇಲೇ ಮಾಡಿರಬೇಕು. ಮೊದಲ ರೌಂಡ್‌ಗೆ ಒಂದು ನಿಮಿಷದೊಳಗಿನ ವಿಡಿಯೋ ಕಳಿಸಬೇಕು. 'ಪ್ರೆಸೆಂಟೇಷನ್'ಗೆ ಬೇರೆ ಅಂಕ ಇತ್ತು. ಕತ್ತರಿಸಬಾರದು ಅಂತ ಎಲ್ಲೂ ಬರೆದಿರಲಿಲ್ಲ.

ದೀವಾನ್ ಸರಿಸಿ, ಹಾಲ್‌ನ ಕೆಂಪು ನೆಲದ ಮೇಲೆ ಆರು ಬಿಳಿ ಚಾರ್ಟ್ ಶೀಟ್ ಅಂಟಿಸಿ, ಕಪ್ಪು ಇನ್ಸುಲೇಷನ್ ಟೇಪಲ್ಲಿ ಟ್ರ್ಯಾಕ್ ಮಾಡಿದ್ವಿ. ಮೊದಲು ನೇರ ಗೆರೆ, ಆಮೇಲೆ 90 ಡಿಗ್ರಿ ಎಡ ತಿರುವು, ಆಮೇಲೆ ಬಲಕ್ಕೊಂದು ದೊಡ್ಡ ಬಾಗು, ಕೊನೇಲಿ ಪುಸ್ತಕ.

ಡಬ್ಬಿ ಕೆಳಗೆ ಎರಡು ಐಆರ್ ಸೆನ್ಸರ್ ಇವೆ. ಕಣ್ಣಿಗೆ ಕಾಣದ ಬೆಳಕು ಬಿಡ್ತವೆ. ಬಿಳಿ ಹಾಳೆ ಅದನ್ನ ವಾಪಸ್ ಕಳಿಸುತ್ತೆ, ಕಪ್ಪು ಟೇಪ್ ನುಂಗಿಬಿಡುತ್ತೆ. ಎಡ ಸೆನ್ಸರ್‌ಗೆ ಕಪ್ಪು ಸಿಕ್ಕಿದ್ರೆ ಎಡ ಮೋಟಾರ್ ಹಿಂದಕ್ಕೆ, ಬಲ ಮೋಟಾರ್ ಮುಂದಕ್ಕೆ. ಹಂಗೆ ತಿರುಗೋದು. ಎಡ ತಿರುವಲ್ಲಿ ಮೋಟಾರ್ ದಿಢೀರ್ ಅಂತ ಉಲ್ಟಾ ತಿರುಗೋವಾಗ ಜಾಸ್ತಿ ಕರೆಂಟ್ ಎಳೆಯುತ್ತೆ. ನಾವು ಹಾಕಿದ್ದು ಚೌಕದ 9 ವೋಲ್ಟ್ ಬ್ಯಾಟರಿ. ಅದಕ್ಕೆ ಅಷ್ಟು ಕೊಡೋ ತಾಕತ್ತಿಲ್ಲ. ವೋಲ್ಟೇಜ್ ಕುಸಿಯುತ್ತೆ, ಆರ್ಡುಯಿನೋ ರೀಸೆಟ್ ಆಗುತ್ತೆ, ಡಬ್ಬಿ ನಿಂತುಬಿಡುತ್ತೆ.

ಹೊಸ ಬ್ಯಾಟರಿ ಹಾಕಿದ್ರೆ ಎಡ ತಿರುವು ದಾಟೋದು. ಆದ್ರೆ ಆಗ ಸ್ಪೀಡ್ ಜಾಸ್ತಿ, ಮುಂದಿನ ಬಾಗಲ್ಲಿ ಗೆರೆ ಬಿಟ್ಟು ದೀವಾನ್ ಕೆಳಗೆ ಹೋಗೋದು. ಅರ್ಧ ಖಾಲಿಯಾದ ಬ್ಯಾಟರಿ ಇದ್ರೆ ಬಾಗು ಬೆಣ್ಣೆ ಥರ ಹೋಗೋದು, ಆದ್ರೆ ಎಡ ತಿರುವಲ್ಲಿ ಸಾಯೋದು. ಎರಡು ಸಂಜೆ, 31 ಓಟ, 12 ಬ್ಯಾಟರಿ. ಪೂರ್ತಿ ಓಡಿದ್ದು ಸೊನ್ನೆ.

ಆಗ ನನಗೆ ಹೊಳೀತು. ಎಡ ತಿರುವು ಹೊಸ ಬ್ಯಾಟರಿದು, ಬಾಗು ಹಳೇ ಬ್ಯಾಟರಿದು. ಮಧ್ಯ ಒಂದು ಕಟ್. ತಮ್ಮ ಕೇಳಿದ, "ಅಕ್ಕಾ, ಗೊತ್ತಾಗಲ್ವಾ?" ನಾನಂದೆ, "ಎಲ್ರೂ ಹಿಂಗೇ ಮಾಡೋದು ಕಣೋ."

ಭಾಗ 3/9

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಲೆಕ್ಕ.

ಆ ವಿಡಿಯೋದ ಕೊನೇಲಿ ದೊಡ್ಡಕ್ಷರದಲ್ಲಿ ಹಾಕಿದ್ದೆ: "ಒಟ್ಟು ಖರ್ಚು ₹1,300 ಮಾತ್ರ!" ಅದರ ವಿವರ ಇದು. ಆರ್ಡುಯಿನೋ ಊನೋ ಕ್ಲೋನ್ 550, ಮೋಟಾರ್ ಡ್ರೈವರ್ 160, ಎರಡು ಮೋಟಾರ್ 140, ಎರಡು ಚಕ್ರ 70, ಮುಂದಿನ ಪುಟ್ಟ ಚಕ್ರ 40, ಐಆರ್ ಸೆನ್ಸರ್ ಎರಡಕ್ಕೆ 90, ಅಲ್ಟ್ರಾಸಾನಿಕ್ ಸೆನ್ಸರ್ 110, ವೈರ್ 90, ಬ್ಯಾಟರಿ 50. ಕೂಡಿ ನೋಡಿ, ಸರಿಯಾಗಿ 1,300 ಬರುತ್ತೆ. ಒಂದು ಅಂಕಿನೂ ತಪ್ಪಿಲ್ಲ.

ಬರೆಯದೇ ಬಿಟ್ಟಿದ್ದು ಇಷ್ಟು. ಇನ್ನೂ 11 ಬ್ಯಾಟರಿ 550. ಸುಟ್ಟೋದ ಮೋಟಾರ್ ಡ್ರೈವರ್ ಬದಲಿಗೆ ತಂದ ಇನ್ನೊಂದು 160. ಗೇರ್ ಮುರಿದ ಮೋಟಾರ್ ಬದಲಿಗೆ ಇನ್ನೊಂದು 70. ಸೋಲ್ಡರಿಂಗ್ ಐರನ್ 280. ತುಮಕೂರಿಂದ ಎಸ್‌ಪಿ ರೋಡ್‌ಗೆ ಎರಡು ಸಲ ಹೋಗಿ ಬಂದ ಟ್ರೈನ್, ಆಟೋ ಎಲ್ಲ ಸೇರಿ 260. ಒಟ್ಟು 1,320. ಅಂದ್ರೆ ಡಬ್ಬಿಗೆ ನಿಜವಾಗಿ ಬಿದ್ದ ದುಡ್ಡು ₹2,620. ನಾನು ನಿಮಗೆ ತೋರಿಸಿದ್ದು ಅದರಲ್ಲಿ ಅರ್ಧಕ್ಕೂ ಕಮ್ಮಿ.

ಬಿಕಾಂ ಓದೋರಿಗೆಲ್ಲ ಇದಕ್ಕೊಂದು ಹೆಸರು ಗೊತ್ತು. ವಿಂಡೋ ಡ್ರೆಸ್ಸಿಂಗ್. ವರ್ಷದ ಕೊನೇಲಿ ಬ್ಯಾಲೆನ್ಸ್ ಶೀಟ್ ಚೆಂದ ಕಾಣೋ ಹಾಗೆ ಜೋಡಿಸೋದು. ಪರೀಕ್ಷೇಲಿ ಐದು ಮಾರ್ಕ್‌ಗೆ ನಾವೆಲ್ಲ ಬರೆದಿದೀವಿ. ಸುಳ್ಳು ಅಂಕಿ ಹಾಕದೇನೂ ಸುಳ್ಳು ಹೇಳಬಹುದು, ಯಾವುದನ್ನ ಮುಂದಿಡ್ತೀವಿ, ಯಾವುದನ್ನ ಒಳಗಿಡ್ತೀವಿ ಅನ್ನೋದರಲ್ಲೇ ಅದು ಆಗಿಹೋಗುತ್ತೆ ಅಂತ ಉದಾಹರಣೆ ಸಮೇತ ಬರೆದು ಮಾರ್ಕ್ಸ್ ತಗೊಂಡಿದೀನಿ. ಅದೇ ವಾರ ಮನೇಲಿ ಕೂತು ಅದನ್ನೇ ಮಾಡಿದೀನಿ.

ನನ್ನ ವಿಡಿಯೋದಲ್ಲಿ ಕಟ್ ಬಿದ್ದ ಜಾಗದಲ್ಲಿ ಏನಿತ್ತು ಗೊತ್ತಾ? ಬ್ಯಾಟರಿ ಬದಲಾಯಿಸೋ ನನ್ನ ಕೈ. ಲೆಕ್ಕದಲ್ಲೂ ಅದೇ ಬ್ಯಾಟರಿ ಮಾಯ. ಎರಡು ಕಡೆ ಒಂದೇ ವಸ್ತು ಕಾಣೆಯಾಗಿತ್ತು. ಡಬ್ಬಿಯ ದೋಷ ಪೂರ್ತಿ ಇದ್ದಿದ್ದೇ ಅದರಲ್ಲಿ.

ಭಾಗ 4/9

ವಿಡಿಯೋ ರೌಂಡ್ ಪಾಸಾಯ್ತು. ಫೈನಲ್‌ಗೆ ಕರೆದ್ರು. ಅಮ್ಮ ಬೀದಿಗೆಲ್ಲ ಹೇಳಿದ್ರು.

ಫೈನಲ್ ನಿಯಮ: ಒಂದರ ಹಿಂದೆ ಒಂದು ಮೂರು ಓಟ, ಮಧ್ಯ ರೋಬೋ ಮುಟ್ಟೋ ಹಾಗಿಲ್ಲ. ಟ್ರ್ಯಾಕ್ ನಮ್ಮನೆಯದ್ದಕ್ಕಿಂತ ಕಷ್ಟದ್ದೇನಲ್ಲ. ಹೊಸ ಬ್ಯಾಟರಿ ಹಾಕಿ ಇಟ್ಟೆ. ಮೊದಲ ಓಟದಲ್ಲಿ ಬಾಗಲ್ಲಿ ಗೆರೆ ಬಿಟ್ಟು ಜಡ್ಜ್ ಮೇಜಿನ ಕಾಲಿಗೆ ಹೋಗಿ ಗುದ್ದಿತು. ಎರಡನೇದರಲ್ಲಿ ಎಡ ತಿರುವಲ್ಲಿ ನಿಂತಿತು. ಮೂರನೇದರಲ್ಲೂ ಅಲ್ಲೇ ನಿಂತಿತು. ಒಬ್ಬ ಜಡ್ಜ್ ಕೇಳಿದ್ರು, "ವಿಡಿಯೋದಲ್ಲಿ ಚೆನ್ನಾಗಿ ಓಡ್ತಿತ್ತಲ್ಲಮ್ಮಾ?" ನಾನು "ಲೈಟಿಂಗ್ ಪ್ರಾಬ್ಲಂ ಸರ್" ಅಂದೆ. ಅದೂ ಸುಳ್ಳು.

ಸೋತಿದ್ದು ದೊಡ್ಡ ವಿಷಯ ಅಲ್ಲ. ಸೋಲದೇ ಇರೋರು ಯಾರಿದಾರೆ? ವಿಷಯ ಬೇರೆ.

ಅದೇ ಸ್ಪರ್ಧೆಗೆ ನನ್ನ ಹೈಸ್ಕೂಲ್ ಫ್ರೆಂಡ್ಸ್ ಇಬ್ಬರು, ಪಾಲಿಟೆಕ್ನಿಕ್ ಹುಡುಗಿಯರು, ವಿಡಿಯೋ ಕಳಿಸಿದ್ರು. ಅವರ ರೋಬೋ ಹತ್ತು ಸಲದಲ್ಲಿ ಏಳು ಸಲ ಪೂರ್ತಿ ಓಡುತ್ತೆ, ನಾನೇ ಅವರ ಮನೇಲಿ ಕೂತು ಎಣಿಸಿದೀನಿ. ಅವರು ಮಂಕು ಬೆಳಕಿನ ರೂಮಲ್ಲಿ, ಕೈಯಲ್ಲಿ ಫೋನ್ ಹಿಡಿದು, ಒಂದೇ ಟೇಕ್ ತೆಗೆದಿದ್ರು. ಒಂದು ಕಡೆ ರೋಬೋ ಎರಡು ಸೆಕೆಂಡ್ ತಡವರಿಸುತ್ತೆ. ಅದನ್ನೂ ತೆಗೆದಿರಲಿಲ್ಲ. ಅವರು ಸೆಲೆಕ್ಟ್ ಆಗಲಿಲ್ಲ.

ಒಮ್ಮೆಯೂ ಪೂರ್ತಿ ಓಡದ ರೋಬೋ ಫೈನಲ್‌ಗೆ ಹೋಯ್ತು, ಏಳು ಸಲ ಓಡೋ ರೋಬೋ ಮನೇಲಿ ಉಳೀತು. ಅವರಿಗೆ ನಾನು ಈ ವಿಷಯ ಹೇಳಿದ ದಿನ ಒಬ್ಬಳು ಹೇಳಿದ್ದು ಒಂದೇ ಮಾತು: "ನಮಗೆ ಎಡಿಟಿಂಗ್ ಬರಲ್ಲ ಅಂತ ಬೇಜಾರು ಮಾಡ್ಕೊಂಡಿದ್ವಿ ಕಣೇ." ಅವಳು ಸಿಟ್ಟು ಮಾಡ್ಕೊಂಡಿದ್ರೆ ನನಗೆ ಸುಲಭ ಆಗ್ತಿತ್ತು.

ಭಾಗ 5/9

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದಿದೆ. ಆ ಹುಡುಗನ್ನ ಕೇಳಿಯೇ ಬರೀತಿದೀನಿ. ಹೆಸರು ಹೇಳಲ್ಲ.

ನಮ್ಮ ಜಿಲ್ಲೆಯದೇ ಒಂದು ಹಳ್ಳಿ, ಹತ್ತನೇ ಕ್ಲಾಸ್. ವಿಡಿಯೋ ನೋಡಿ ಮೆಸೇಜ್ ಮಾಡಿದ. "ಅಕ್ಕಾ, ₹1,300ಕ್ಕೆ ಆಗುತ್ತಾ ನಿಜವಾಗ್ಲೂ?" ಆಗುತ್ತೆ ಅಂದೆ. ರಜೇಲಿ ಮಾವನ ಮನೇಲಿ ಅಡಿಕೆ ಸುಲಿದು ಸಿಕ್ಕ ದುಡ್ಡಲ್ಲಿ ನನ್ನ ಪಟ್ಟಿ ಪ್ರಕಾರನೇ ಎಲ್ಲ ತರಿಸಿದ. ಪಟ್ಟೀಲಿ ಒಂದು ಬ್ಯಾಟರಿ ಅಂತಿತ್ತು, ಅವನೂ ಒಂದೇ ತಂದ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ನನ್ನ ಟ್ರ್ಯಾಕನ್ನೇ ಅಳತೆ ಮಾಡಿ ಹಾಕಿದ.

ಹತ್ತು ದಿನ ಆದ್ಮೇಲೆ ಬರೆದ. "ಅಕ್ಕಾ, ಎಡಕ್ಕೆ ತಿರುಗೋವಾಗ ನಿಂತೋಗುತ್ತೆ. ನಿಮ್ದು ಹೋಗುತ್ತಲ್ಲ. ನಾನು ಏನು ತಪ್ಪು ಮಾಡಿದೀನಿ?"

ಉತ್ತರ ನನಗೆ ಗೊತ್ತಿತ್ತು. ಬ್ಯಾಟರಿ ಅಂತ ಒಂದು ಪದ ಬರೆದಿದ್ರೆ ಸಾಕಿತ್ತು. ಆದ್ರೆ ಬರೆದ್ರೆ "ಹಂಗಾದ್ರೆ ನಿಮ್ದು ಹೆಂಗೆ ಹೋಯ್ತು?" ಅಂತ ಕೇಳ್ತಾನೆ. ಅದಕ್ಕೇ ಸೆನ್ಸರ್ ಸ್ಕ್ರೂ ತಿರುಗಿಸಿ ನೋಡು ಅಂದೆ. ಕೋಡಲ್ಲಿ ಸ್ಪೀಡ್ ಕಮ್ಮಿ ಮಾಡು ಅಂದೆ. ವೈರ್ ಚೆಕ್ ಮಾಡು ಅಂದೆ. ಎರಡು ವಾರ ಆ ಮಗು ಸರಿಯಾಗಿದ್ದ ವೈರ್‌ಗಳನ್ನ ಬಿಚ್ಚಿ ಬಿಚ್ಚಿ ಸೇರಿಸಿದೆ.

ಕೊನೇ ಮೆಸೇಜ್: "ಬಿಡಿ ಅಕ್ಕಾ, ಇದೆಲ್ಲ ನನಗೆ ಬರಲ್ಲ ಅನ್ಸುತ್ತೆ."

ಫೈನಲ್‌ನಿಂದ ವಾಪಸ್ ಬರೋ ಟ್ರೈನಲ್ಲಿ ಅದನ್ನ ಮತ್ತೆ ಓದಿದೆ. ಅವತ್ತು ರಾತ್ರಿ ಕತ್ತರಿಸದ ವಿಡಿಯೋಗಳಲ್ಲಿ ಮೂರನ್ನ ಅವನಿಗೆ ಕಳಿಸಿ, ನಡೆದಿದ್ದನ್ನೆಲ್ಲ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಬೈಗುಳ ಇರಲಿಲ್ಲ. "ಅಂದ್ರೆ ನಂದು ಕೆಟ್ಟಿರಲಿಲ್ವಾ ಅಕ್ಕಾ?"

ಅಷ್ಟೊತ್ತಿಗೆ ರೋಬೋ ಬಿಚ್ಚಾಗಿತ್ತು. ಒಂದು ಮೋಟಾರಲ್ಲಿ ತಂಗಿಗೆ, ಜಾತ್ರೇಲಿ ಇರುತ್ತಲ್ಲ ಆ ಥರ ತಿರುಗೋ ತೊಟ್ಟಿಲು ಮಾಡಿಕೊಟ್ಟಿದ್ದನಂತೆ.

ಭಾಗ 6/9

ಈಗ ನಿಮ್ಮ ವಾದಕ್ಕೆ ಬರ್ತೀನಿ. ಡಿಎಂನಲ್ಲಿ, ಕ್ಯಾಂಟೀನಲ್ಲಿ ಎಲ್ಲ ಕಡೆ ಕೇಳಿದೀನಿ.

"ಸಿನಿಮಾನೂ ಎಡಿಟ್ ಮಾಡ್ತಾರಲ್ಲ?" ಮಾಡ್ತಾರೆ. ಹೀರೋ ನಿಜವಾಗ್ಲೂ ಹತ್ತು ಜನಕ್ಕೆ ಹೊಡೆದ ಅಂತ ಯಾರೂ ಸರ್ಟಿಫಿಕೇಟ್ ಕೇಳಲ್ಲ. ಸ್ಪರ್ಧೆಯ ವಿಡಿಯೋ ಹೇಳೋದು "ಇದು ಓಡುತ್ತೆ" ಅಂತ. ನಮ್ಮ ಆಡಿಟಿಂಗ್ ಭಾಷೇಲಿ ಅದು ವೋಚರ್. ಖರ್ಚಾಯ್ತು ಅನ್ನೋದಕ್ಕೆ ಬಿಲ್ ಹೆಂಗೋ, ಓಡ್ತು ಅನ್ನೋದಕ್ಕೆ ವಿಡಿಯೋ ಹಂಗೆ. ನಾಲ್ಕು ಬಿಲ್ ಹರಿದು ಅಂಟಿಸಿ ಒಂದು ಬಿಲ್ ಮಾಡಿದ್ರೆ ಅದನ್ನ 'ಪ್ರೆಸೆಂಟೇಷನ್' ಅಂತೀರಾ?

"ಪ್ರತಿ ತುಂಡೂ ನಿಜ ತಾನೆ?" ಇದಕ್ಕೊಂದು ದೊಡ್ಡ ಕಥೆ ಇದೆ. ಅಮೆರಿಕದಲ್ಲಿ ನಿಕೋಲಾ ಅಂತ ಒಂದು ಟ್ರಕ್ ಕಂಪನಿ. 2018ರ ಜನವರಿಯಲ್ಲಿ ಅವರ ಹೊಸ ಟ್ರಕ್ ರಸ್ತೇಲಿ ಓಡೋ ವಿಡಿಯೋ ಬಿಟ್ಟರು. 2020ರ ಸೆಪ್ಟೆಂಬರ್‌ನಲ್ಲಿ ಹಿಂಡೆನ್‌ಬರ್ಗ್ ವರದಿ ಬಂದ ಮೇಲೆ ಸತ್ಯ ಹೊರಬಿತ್ತು. ಆ ಟ್ರಕ್ ತನ್ನ ಶಕ್ತಿಯಿಂದ ಓಡಿರಲಿಲ್ಲ, ಇಳಿಜಾರಲ್ಲಿ ಉರುಳಿತ್ತು. ತನ್ನ ಶಕ್ತಿಯಿಂದ ಓಡುತ್ತೆ ಅಂತ ನಾವೆಲ್ಲಿ ಹೇಳಿದ್ವಿ ಅಂತ ಕಂಪನಿ ವಾದ ಮಾಡಿತು. ಟ್ರಕ್ ನಿಜ, ರಸ್ತೆ ನಿಜ, ಚಕ್ರ ತಿರುಗಿದ್ದೂ ನಿಜ. ಇಳಿಜಾರು ಮಾತ್ರ ಹೇಳಿರಲಿಲ್ಲ. ಹೂಡಿಕೆದಾರರಿಗೆ ಮೋಸ ಮಾಡಿದ ಕೇಸಲ್ಲಿ 2022ರಲ್ಲಿ ಸ್ಥಾಪಕ ಟ್ರೆವರ್ ಮಿಲ್ಟನ್ ತಪ್ಪಿತಸ್ಥ ಅಂತ ಜ್ಯೂರಿ ತೀರ್ಮಾನಿಸಿತು. 2025ರಲ್ಲಿ ಅಧ್ಯಕ್ಷರು ಕ್ಷಮಾದಾನ ಕೊಟ್ಟರು. ಕ್ಷಮಾದಾನ ಸಿಕ್ತು ಅಂತ ಇಳಿಜಾರು ಸಮತಟ್ಟಾಗಲಿಲ್ಲ.

ನನ್ನ ಹೊಸ ಬ್ಯಾಟರಿ ನನ್ನ ಇಳಿಜಾರು. ಅಷ್ಟೇ ವ್ಯತ್ಯಾಸ.

"ಇದೆಲ್ಲ ಹವ್ಯಾಸ, ಇಷ್ಟು ಸೀರಿಯಸ್ ಯಾಕೆ?" ಹವ್ಯಾಸ ಆಗಿರೋದಕ್ಕೇ. ಕಂಪನಿ ಸುಳ್ಳು ಹೇಳಿದ್ರೆ ಕೇಳೋಕೆ ಕೋರ್ಟ್ ಇದೆ. ಡಬ್ಬಿ ಸುಳ್ಳು ಹೇಳಿದ್ರೆ ಯಾರಿದಾರೆ? ನಷ್ಟ ಆಗೋದು ಅಡಿಕೆ ಸುಲಿದು ದುಡ್ಡು ಹಾಕಿದವನಿಗೆ. ಅವನು ಕೇಸ್ ಹಾಕಲ್ಲ, ತನಗೆ ಬರಲ್ಲ ಅಂದ್ಕೊಂಡು ಸುಮ್ಮನಾಗ್ತಾನೆ.

ಭಾಗ 7/9

"ಬಿದ್ದಿದ್ದು ತೋರಿಸಿದ್ರೆ ಮರ್ಯಾದೆ ಹೋಗುತ್ತೆ" ಅಂತೀರಲ್ಲ, ಅದಕ್ಕೂ ಉತ್ತರ ನಿಮ್ಮ ನೆನಪಲ್ಲೇ ಇದೆ.

2019 ಸೆಪ್ಟೆಂಬರ್ 7ರ ನಡುರಾತ್ರಿ. ನಾವೆಲ್ಲ ಹೈಸ್ಕೂಲಲ್ಲಿದ್ವಿ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯೋದನ್ನ ನೋಡೋಕೆ ನಮ್ಮನೇಲಿ ಯಾರೂ ಮಲಗಿರಲಿಲ್ಲ. ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಿಂದ ಲೈವ್. ಪರದೆ ಮೇಲೆ ಹಸಿರು ಚುಕ್ಕಿ ಗೆರೆ ಹಿಡಿದು ಇಳೀತಾ ಇತ್ತು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿ ಇತ್ತು, ಆಮೇಲೆ ಸಿಗ್ನಲ್ ನಿಂತಿತು ಅಂತ ಇಸ್ರೋ ಅಧ್ಯಕ್ಷ ಕೆ. ಶಿವನ್ ಅವರೇ ಅಲ್ಲೇ ಹೇಳಿದ್ರು. ಬೆಳಗ್ಗೆ ಅವರು ಅತ್ತಿದ್ದನ್ನೂ ಇಡೀ ದೇಶ ನೋಡಿತು. ಅವರನ್ನ ಯಾರಾದ್ರೂ ಆಡಿಕೊಂಡರಾ? ನಮ್ಮ ಮನೇಲಂತೂ ಅಪ್ಪ ಕಣ್ಣೊರೆಸಿಕೊಂಡ್ರು.

ಆಮೇಲೆ ಇಸ್ರೋ ಏನು ಮಾಡಿತು? ಏನೇನು ಕೆಡಬಹುದು ಅನ್ನೋದನ್ನೇ ಮುಂದಿಟ್ಟುಕೊಂಡು ಚಂದ್ರಯಾನ-3 ರೂಪಿಸಿದೀವಿ ಅಂತ ಮುಂದಿನ ಅಧ್ಯಕ್ಷ ಎಸ್. ಸೋಮನಾಥ್ ಬಹಿರಂಗವಾಗಿ ಹೇಳಿದ್ರು. 2023 ಆಗಸ್ಟ್ 23ರ ಸಂಜೆ ಅದು ಇಳೀತು. ಅವತ್ತು ನಾವು ಅಷ್ಟು ಕುಣಿದಿದ್ದು ಯಾಕೆ ಅಂದ್ಕೊಂಡಿದೀರಾ? 2019ರ ರಾತ್ರಿ ನೋಡಿದ್ವಲ್ಲ, ಅದಕ್ಕೆ. ಆ ರಾತ್ರಿಯನ್ನ ಕಟ್ ಮಾಡಿದ್ದಿದ್ರೆ ಈ ಸಂಜೆಗೆ ಅಷ್ಟು ತೂಕ ಇರ್ತಿರಲಿಲ್ಲ.

ರೋಬೋ ಕಂಪನಿಗಳಲ್ಲೂ ಇದು ಇದೆ. ಬೋಸ್ಟನ್ ಡೈನಮಿಕ್ಸ್‌ನವರು 2024ರ ಏಪ್ರಿಲ್‌ನಲ್ಲಿ ತಮ್ಮ ಹಳೇ ಅಟ್ಲಾಸ್ ರೋಬೋಗೆ ವಿದಾಯ ಹೇಳೋ ವಿಡಿಯೋ ಹಾಕಿದ್ರು. ಅದರಲ್ಲಿ ಅಟ್ಲಾಸ್ ಎಡವೋದು, ಮುಗ್ಗರಿಸೋದು, ದಡಬಡ ಅಂತ ಬೀಳೋದು ಎಲ್ಲ ಇದೆ. ಅವರ ಮಾರ್ಕೆಟ್ ಬಿದ್ದೋಗಿಲ್ಲ. ನಮ್ಮ ಟಿಫನ್ ಡಬ್ಬಿಗೆ ಅವರಿಗಿಂತ ದೊಡ್ಡ ಮರ್ಯಾದೆನಾ?

ಭಾಗ 8/9

ಒಂದೇ ಟೇಕ್ ಅಂದ್ರೆ ಕೆಟ್ಟದಾಗಿ ತೆಗೀರಿ ಅಂತ ಅರ್ಥ ಅಲ್ಲ. ನನ್ನ ಫ್ರೆಂಡ್ಸ್ ಸೋತಿದ್ದರಲ್ಲಿ ಮಂಕು ಬೆಳಕಿಗೂ ಪಾಲಿದೆ. ನೋಡೋರಿಗೆ ಕಾಣಬೇಕಲ್ಲ. ನಾನು ಪೆಟ್ಟು ತಿಂದು ಕಲಿತಿದ್ದು ಇಷ್ಟು:

ಫೋನನ್ನ ಕೈಯಲ್ಲಿ ಹಿಡಿಯಬೇಡಿ. ಸ್ಟೂಲ್ ಮೇಲೆ ಪುಸ್ತಕ ಪೇರಿಸಿ, ಇಡೀ ಟ್ರ್ಯಾಕ್ ಒಂದೇ ಫ್ರೇಮಲ್ಲಿ ಬರೋ ಹಾಗೆ ಎತ್ತರದಿಂದ ಇಡಿ. ಇಡೀ ಟ್ರ್ಯಾಕ್ ಕಂಡ್ರೆ ಕಟ್ ಮಾಡೋ ಆಸೆನೇ ಬರಲ್ಲ.

ಬಿಸಿಲು ಬೀಳೋ ಕಿಟಕಿಗೆ ಪರದೆ ಎಳೀರಿ. ಬಿಸಿಲಲ್ಲೂ ಐಆರ್ ಇರುತ್ತೆ, ಸೆನ್ಸರ್ ಬೆಪ್ಪಾಗುತ್ತೆ. ಸೆನ್ಸರ್ ಉರಿತಿದೆಯಾ ಅಂತ ನೋಡೋಕೆ ಫೋನ್ ಕ್ಯಾಮೆರಾ ಹಿಡೀರಿ. ಕೆಲವು ಫೋನಲ್ಲಿ ನೇರಳೆ ಬಣ್ಣದ ಚುಕ್ಕಿ ಕಾಣುತ್ತೆ.

ಲೈಟ್ ಹಾಕಿದಾಗ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡ್ತಿದ್ರೆ ಗಾಬರಿ ಬೇಡ. ನಮ್ಮ ಕರೆಂಟ್ 50 ಹರ್ಟ್ಸ್, ಎಷ್ಟೋ ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗ್ತವೆ. ಪ್ರೋ ಮೋಡಲ್ಲಿ ಶಟರ್ 1/50 ಅಥವಾ 1/100 ಇಡಿ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ.

ಫ್ರೇಮ್ ಮೂಲೇಲಿ ಇನ್ನೊಂದು ಫೋನಲ್ಲಿ ಸ್ಟಾಪ್‌ವಾಚ್ ಓಡ್ತಾ ಇರಲಿ. ಓಟದ ಮೊದಲು, ಆಮೇಲೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು ಅಂಕಿ ತೋರಿಸಿ. ನಾನು ಇದೊಂದು ಮಾಡಿದ್ದಿದ್ರೆ ಆ ಹುಡುಗನ ಎರಡು ವಾರ ಉಳೀತಿತ್ತು.

ಹಾಡು ಬೇಡ. ಮೋಟಾರ್ ಸದ್ದು ಇರಲಿ. ಮೋಟಾರ್ ಒದ್ದಾಡ್ತಿದ್ರೆ ಗೊತ್ತಿರೋರಿಗೆ ಕಿವೀಲೇ ಗೊತ್ತಾಗುತ್ತೆ. ಸ್ಪೀಡ್ ಜಾಸ್ತಿ ಮಾಡಿದ್ರೆ ಪರದೆ ಮೇಲೆ 'ಎರಡು ಪಟ್ಟು ವೇಗ' ಅಂತ ಬರೀರಿ.

ಚೌಕದ 9 ವೋಲ್ಟ್ ಬ್ಯಾಟರಿ ಮೋಟಾರ್‌ಗೆ ಹಾಕಲೇಬೇಡಿ. ಆರು ಪೆನ್ಸಿಲ್ ಸೆಲ್ ಹೋಲ್ಡರಲ್ಲಿ ಹಾಕಿ. ವೋಲ್ಟ್ ಅದೇ 9, ಮೋಟಾರ್ ಕೇಳಿದಷ್ಟು ಕರೆಂಟ್ ಕೊಡೋ ತಾಕತ್ತು ಬೇರೆ. ಇದು ಮೊದಲೇ ಹೇಳಬೇಕಿದ್ದ ಮಾತು.

ಭಾಗ 9/9

ಕೊನೇದಾಗಿ, ಯಾರು ಏನು ಮಾಡಬೇಕು ಅಂತ ನೇರವಾಗಿ ಹೇಳ್ತೀನಿ.

ಸ್ಪರ್ಧೆ ನಡೆಸೋರಿಗೆ: ನಿಯಮದಲ್ಲಿ ಒಂದು ಸಾಲು ಸೇರಿಸಿ. "ಕತ್ತರಿಸದ ಒಂದೇ ಟೇಕ್, ಸತತ ಮೂರು ಓಟ, ಮಧ್ಯ ರೋಬೋ ಮುಟ್ಟಬಾರದು." ಫೈನಲ್‌ನಲ್ಲಿ ಇರೋ ನಿಯಮ ವಿಡಿಯೋ ರೌಂಡಲ್ಲಿ ಯಾಕಿಲ್ಲ? ಪ್ರೆಸೆಂಟೇಷನ್‌ಗೆ ಕೊಡೋ ಅಂಕನ "ಎಲ್ಲಿ ಕೆಡ್ತು, ಯಾಕೆ ಕೆಡ್ತು ಅಂತ ಹೇಳಿದಾರಾ" ಅನ್ನೋದಕ್ಕೆ ಕೊಡಿ. ನನ್ನಂಥೋರು ನಿಮ್ಮ ಬಾಗಿಲಲ್ಲೇ ನಿಂತು ಹೋಗ್ತಾರೆ, ನನ್ನ ಫ್ರೆಂಡ್ಸ್ ಒಳಗೆ ಬರ್ತಾರೆ.

ರೋಬೋ ಮಾಡೋ ನಿಮಗೆ: ಮುಂದಿನ ವಿಡಿಯೋದ ಮೊದಲ ಸೆಕೆಂಡಲ್ಲಿ ಎರಡು ಅಂಕಿ ಬರೀರಿ. ಎಷ್ಟು ಸಲ ಓಡಿಸಿದ್ರಿ, ಎಷ್ಟು ಸಲ ಪೂರ್ತಿ ಓಡ್ತು. ಖರ್ಚು ಬರೆದ್ರೆ ಸುಟ್ಟಿದ್ದೂ ಸೇರಿಸಿ ಬರೀರಿ.

ನೋಡೋ ನಿಮಗೆ: ನೀವೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ಡಬ್ಬಿ ನಿಂತೋದ ಒಂದು ಸ್ಟೋರಿ ನಾನು ಮೊದಲು ಹಾಕಿದ್ದೆ. ಒಬ್ಬರೂ ಏನೂ ಹೇಳಲಿಲ್ಲ. ಹೊಲಿದ ವಿಡಿಯೋಗೆ ಬೆಂಕಿ ಸುರಿಸಿದ್ರಿ. ನಾನು ಸುಳ್ಳು ಹೇಳಿದ್ದಕ್ಕೆ ನೀವು ಕಾರಣ ಅಂತ ಹೇಳ್ತಿಲ್ಲ, ಅದು ನನ್ನದೇ. ಆದ್ರೆ ಮುಂದಿನ ಸಲ ಯಾರಾದ್ರೂ ನಿಂತೋದ ರೋಬೋ ಹಾಕಿದ್ರೆ "ಯಾಕೆ ನಿಂತ್ತು?" ಅಂತ ಒಂದು ಮಾತು ಕೇಳಿ. ಮಾಡಿದವರಿಗೆ ಬೆಂಕಿ ಇಮೋಜಿಗಿಂತ ಆ ಪ್ರಶ್ನೆ ಬೇಕು.

ಹಳೇ ವಿಡಿಯೋ ಡಿಲೀಟ್ ಮಾಡಿಲ್ಲ. ಮೇಲೆ "ಇದು ನಾಲ್ಕು ಓಟ ಸೇರಿಸಿ ಮಾಡಿದ್ದು, ಖರ್ಚು ₹2,620" ಅಂತ ಬರೆದು ಪಿನ್ ಮಾಡಿದೀನಿ. ಸ್ಪರ್ಧೆಯವರಿಗೂ ಮೇಲ್ ಹಾಕಿದೀನಿ. ಉತ್ತರ ಬಂದಿಲ್ಲ.

ಡಬ್ಬಿಗೆ ಈಗ ಪೆನ್ಸಿಲ್ ಸೆಲ್ ಹಾಕಿದೀವಿ, ಕೋಡಲ್ಲಿ ಸ್ಪೀಡನ್ನೂ ಹೊಂದಿಸಿದೀವಿ. ನಿನ್ನೆ ಹತ್ತು ಸಲ ಓಡಿಸಿದ್ವಿ. ನಾಲ್ಕು ಸಲ ಪೂರ್ತಿ ಓಡ್ತು, ಆರು ಸಲ ಇಲ್ಲ. ಫೋನ್ ಒಂದು ಸಲವೂ ಆಫ್ ಮಾಡಲಿಲ್ಲ. ಬೇಜಾರಾಗೋ ಅಷ್ಟು ಉದ್ದ ಇದೆ, ನಾಳೆ ಸಂಜೆ ಹಾಗೇ ಹಾಕ್ತೀನಿ. ಇನ್ನೊಂದು ಸೆಲ್ ಹೋಲ್ಡರ್ ಆ ಹುಡುಗನಿಗೆ ಪೋಸ್ಟ್ ಮಾಡಿದೀನಿ. ತಂಗಿ ತೊಟ್ಟಿಲಿಂದ ಮೋಟಾರ್ ಬಿಚ್ಚೋಕೆ ಬಿಡ್ತಿಲ್ಲವಂತೆ.

ನಾಳೆ ವಿಡಿಯೋದಲ್ಲಿ ಮೂರನೇ ಓಟದಲ್ಲಿ ಡಬ್ಬಿ ಎಲ್ಲಿ ನಿಲ್ಲುತ್ತೆ ನೋಡಿ. ಯಾಕೆ ಅಂತ ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾದೋರು ಹೇಳಿ.

#ಒಂದೇಟೇಕ್ #ಡಬ್ಬಿ #ಕಟ್‌ಮಾಡಬೇಡಿ